ವೈಫೈ ತೂಕಡಿಸಿದಾಗ

ಲಿನಕ್ಸ್ ಹಾಕಿಕೊಂಡ ಲ್ಯಾಪ್‌ಟಾಪಿನಲ್ಲಿ ವೈಫೈ ಪದೇ ಪದೇ ಕೈಕೊಟ್ಟರೆ ಎಲ್ಲರೂ ಹೇಳುವುದು ಒಂದೇ: ರೀಸ್ಟಾರ್ಟ್ ಮಾಡಿ ನೋಡಿ. ಮಾಡಿದರೆ ಸ್ವಲ್ಪ ಹೊತ್ತು ಸರಿಹೋಗುವುದೂ ಉಂಟು. ಆದರೆ ತೊಂದರೆ ನಡೆಯುತ್ತಿರುವಾಗಲೇ ಅದನ್ನು ಕಣ್ಣಾರೆ ನೋಡುವ ಅವಕಾಶ ಅಲ್ಲಿಗೆ ತಪ್ಪಿತು. ಲಿನಕ್ಸ್ ತನ್ನೊಳಗೆ ಏನಾಗುತ್ತಿದೆ ಎಂಬುದನ್ನು ಮುಚ್ಚಿಡುವುದಿಲ್ಲ, ಕೇಳಬೇಕು ಅಷ್ಟೆ.

ಮೊದಲು ತಿಳಿಯಬೇಕಾದದ್ದು, ಎಡವಟ್ಟು ಮನೆಯೊಳಗಿನ ಗಾಳಿಯಲ್ಲಿದೆಯೋ ಹೊರಗಿನಿಂದ ಬರುವ ತಂತಿಯಲ್ಲಿದೆಯೋ ಎಂಬುದು. ಟರ್ಮಿನಲ್ಲಿನ ಒಂದು ಕಿಟಕಿಯಲ್ಲಿ ರೂಟರಿಗೆ ಪಿಂಗ್ ಮಾಡಿ, ಇನ್ನೊಂದರಲ್ಲಿ 8.8.8.8ರಂಥ ಹೊರಗಿನ ವಿಳಾಸಕ್ಕೆ. ರೂಟರ್ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರಿಸುತ್ತಿದ್ದು ಹೊರಗಿನದು ಮಾತ್ರ ಸುಮ್ಮನಿದ್ದರೆ, ನಿಮ್ಮ ಲ್ಯಾಪ್‌ಟಾಪನ್ನು ಬೈಯಬೇಡಿ; ಇಂಟರ್‌ನೆಟ್ ಕೊಡುವವರಿಗೆ ಫೋನ್ ಮಾಡಿ. ಎರಡೂ ಉತ್ತರಿಸುತ್ತಿದ್ದು ಜಾಲತಾಣ ಮಾತ್ರ ತೆರೆಯದಿದ್ದರೆ, ತಾಣದ ಹೆಸರನ್ನು ಅಂಕಿಯ ವಿಳಾಸವಾಗಿಸುವ ಡಿಎನ್‌ಎಸ್ ಕಡೆ ನೋಡಿ. ರೂಟರಿನ ಉತ್ತರವೇ 3, 4, 180, 600 ಎಂದು ಜಿಗಿಯುತ್ತಿದ್ದರೆ ತೊಂದರೆ ಗಾಳಿಯಲ್ಲಿದೆ.

ಸಂಪರ್ಕ ಪೂರ್ತಿ ಕಡಿದೇ ಹೋಗುತ್ತಿದ್ದರೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ದಿನಚರಿಯನ್ನು (ಲಾಗ್) ಓದಬೇಕು. ಫರ್ಮ್‌ವೇರ್ ಸಿಗಲಿಲ್ಲವೆಂದೋ, ರೂಟರೇ ಹೊರಗೆ ಹಾಕಿತೆಂದೋ ಅಲ್ಲಿ ಬರೆದಿರುತ್ತದೆ. ಒಂದೇ ಕಾರ್ಡನ್ನು ಎರಡು ತಂತ್ರಾಂಶಗಳು ನಿರ್ವಹಿಸಲು ಹೊರಟು ಕಿತ್ತಾಡುತ್ತಿದ್ದರೆ ಅದರ ಸುಳಿವೂ ಸಿಗಬಹುದು.

ಮುಂದಿನದು ಸಿಗ್ನಲ್. ಪರದೆಯ ಮೂಲೆಯ ಗೆರೆಗಳನ್ನು ನಂಬಬೇಡಿ, 'ಐಡಬ್ಲ್ಯೂ' ಎಂಬ ಪುಟ್ಟ ಆದೇಶ ಕೊಡುವ ಅಂಕಿಯನ್ನು ನೋಡಿ. ಮೈನಸ್ 50 ಡಿಬಿಎಂ ಸೊಗಸಾದ ಸಿಗ್ನಲ್. ಮೈನಸ್ 70 ಎಂದರೆ ಒಂದು ಮಿಲಿವ್ಯಾಟಿನ ಕೋಟಿಯಲ್ಲೊಂದು ಪಾಲು. ಅಷ್ಟರಲ್ಲೂ ವೈಫೈ ಕೆಲಸ ಮಾಡುತ್ತದೆ ಎಂಬುದು ನನಗೆ ಇಂದಿಗೂ ಬೆರಗು. ಮೈನಸ್ 80ಕ್ಕೆ ಇಳಿದರೆ ಅದರಲ್ಲೂ ಹತ್ತನೇ ಒಂದು. ಅಲ್ಲಿಂದ ಮುಂದೆ ಸೆಟ್ಟಿಂಗ್ ತಿದ್ದುವುದು ವ್ಯರ್ಥ, ರೂಟರನ್ನು ಹತ್ತಿರ ತರಬೇಕು.

ಸಿಗ್ನಲ್ ಚೆನ್ನಾಗಿದ್ದೂ ತಡವರಿಸಿದರೆ ಗದ್ದಲವೇ ಕಾರಣವಿರಬಹುದು. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿದ್ದರೂ ಅವುಗಳ ನಡುವಿನ ಅಂತರ ಬರೀ 5 ಮೆಗಾಹರ್ಟ್ಸ್, ಒಂದೊಂದು ಪ್ರಸಾರದ ಅಗಲವೋ 20. ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವವು 1, 6, 11. ಅಪಾರ್ಟ್‌ಮೆಂಟಿನ ಎಲ್ಲ ರೂಟರುಗಳೂ ಅಲ್ಲೇ ಸೇರಿರುತ್ತವೆ. ಮೈಕ್ರೋವೇವ್ ಒಲೆ, ಬ್ಲೂಟೂತ್, ಪಕ್ಕದಲ್ಲಿಟ್ಟ ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಕೂಡ ಅದೇ ಪಟ್ಟಿಯಲ್ಲಿ ಸದ್ದು ಮಾಡುತ್ತವೆ. ಗೋಡೆಗಳು ಅಡ್ಡ ಬಾರದಿದ್ದರೆ 5 ಗಿಗಾಹರ್ಟ್ಸಿಗೆ ಹೋಗುವುದೇ ಮೇಲು.

ಇಷ್ಟೆಲ್ಲ ಸರಿಯಿದ್ದೂ, ಸುಮ್ಮನೆ ಬಿಟ್ಟ ಯಂತ್ರ ಮತ್ತೆ ಮುಟ್ಟಿದಾಗ ಮಾತ್ರ ತಡವಾಗಿ ಎಚ್ಚರಗೊಳ್ಳುವಂತಿದ್ದರೆ, ಪವರ್ ಸೇವ್ ಮೇಲೆ ಅನುಮಾನಪಡಿ. ಬ್ಯಾಟರಿ ಉಳಿಸಲು ವೈಫೈ ಕಾರ್ಡು ಆಗಾಗ ತನ್ನ ರೇಡಿಯೊ ಆರಿಸಿ ಮಲಗುತ್ತದೆ, ಮಲಗುವ ಮೊದಲು ರೂಟರಿಗೆ ತಿಳಿಸುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗ ಬಂದ ಕೊರಿಯರನ್ನು ಪಕ್ಕದ ಮನೆಯವರು ಇಟ್ಟುಕೊಳ್ಳುವ ಹಾಗೆ, ಆ ಹೊತ್ತಿನಲ್ಲಿ ಬಂದ ಪ್ಯಾಕೆಟ್ಟುಗಳನ್ನು ರೂಟರ್ ತೆಗೆದಿಡುತ್ತದೆ. ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ಅದು ಬೀಕನ್ ಬಿಡುತ್ತದೆ. ಯಾರಿಗೆ ಏನು ಬಂದಿದೆ ಎಂಬ ಪಟ್ಟಿ ಅದರಲ್ಲಿರುತ್ತದೆ. ಕಾರ್ಡು ಆ ಗಳಿಗೆಗೆ ಎದ್ದು ಪಟ್ಟಿಯಲ್ಲಿ ತನ್ನ ಗುರುತಿದೆಯೇ ನೋಡಿ, ಇದ್ದರೆ ಕೇಳಿ ಪಡೆಯುತ್ತದೆ. 1997ರ ಮೊದಲ ವೈಫೈ ಮಾನಕದಲ್ಲೇ ಇದ್ದ ಅಂದದ ಏರ್ಪಾಡಿದು. ಆದರೆ ಕಾರ್ಡು, ಅದರ ಡ್ರೈವರ್, ರೂಟರ್ ಮೂರೂ ಹೊಂದಿಕೊಂಡು ನಡೆಯಬೇಕು. ಬೀಕನ್ನಿನ ಹೊತ್ತಿಗೆ ಕಾರ್ಡು ಏಳದೆಹೋದರೆ ಪ್ಯಾಕೆಟ್ಟು ಮುಂದಿನ ಬೀಕನ್ನಿಗೆ ಕಾಯಬೇಕು; ಪದೇ ಪದೇ ತಪ್ಪಿದರೆ ರೂಟರ್ ಅದನ್ನು ಎಸೆದೂಬಿಡಬಹುದು.

ಪರೀಕ್ಷೆ ಸುಲಭ. ರೂಟರಿನ ಪಿಂಗ್ ಓಡುತ್ತಿರುವಾಗಲೇ ಐಡಬ್ಲ್ಯೂ ಆದೇಶದಿಂದ ಪವರ್ ಸೇವನ್ನು ಆಫ್ ಮಾಡಿ. ಜಿಗಿಯುತ್ತಿದ್ದ ಅಂಕಿಗಳು ಅಲ್ಲೇ 3, 4, 3 ಎಂದು ನೆಲೆನಿಂತರೆ ಕಳ್ಳ ಸಿಕ್ಕಿಬಿದ್ದ. ಆದರೆ ಯಂತ್ರ ಮತ್ತೆ ಶುರುವಾದಾಗ ಈ ಬದಲಾವಣೆ ಉಳಿಯುವುದಿಲ್ಲ. ನೆಟ್‌ವರ್ಕ್ ಮ್ಯಾನೇಜರಿನ ಸಂರಚನಾ ಕಡತದಲ್ಲಿ 'ವೈಫೈ.ಪವರ್‌ಸೇವ್ = 2' ಎಂದು ಬರೆದರೆ ಶಾಶ್ವತ. ಲ್ಯಾಪ್‌ಟಾಪಿಗೆ ಇದರಿಂದ ಬ್ಯಾಟರಿ ತುಸು ಬೇಗ ಇಳಿಯುತ್ತದೆ. ಹಗಲಿರುಳೂ ಗೋಡೆಯ ಪ್ಲಗ್ಗಿನಲ್ಲೇ ಇರುವ ರಾಸ್ಪ್‌ಬೆರಿ ಪೈನಂಥ ಯಂತ್ರಕ್ಕೆ ಆ ಲೆಕ್ಕವೂ ಇಲ್ಲ, ಅಲ್ಲಿ ಇದನ್ನು ಮೊದಲ ದಿನವೇ ಆರಿಸಿಡಬಹುದು.