ಸೋಲಾರ್ ಬಂತು, ಸೋರುವ ಕರೆಂಟಿಗೆ ಕಾವಲು ಇದೆಯೇ?

ಮಳೆ ಬಿದ್ದ ಮರುದಿನ ಬೆಳಿಗ್ಗೆ ಮನೆಯ ಕರೆಂಟ್ ಪಟ್ಟನೆ ಹೋಗುತ್ತದೆ. ಪಕ್ಕದ ಮನೆಯಲ್ಲಿ ದೀಪ ಉರಿಯುತ್ತಿದೆ, ನಿಮ್ಮಲ್ಲಿ ಮಾತ್ರ ಇಲ್ಲ. ಮೀಟರ್ ಬೋರ್ಡಿನಲ್ಲಿ ಒಂದು ಅಗಲ ಸ್ವಿಚ್ ಕೆಳಗೆ ಬಿದ್ದಿದೆ, ಎತ್ತಿದರೆ ನಿಲ್ಲುವುದಿಲ್ಲ. ಬಂದ ವೈರ್‌ಮನ್ ‘ಇದೊಂದು ಕಿರಿಕಿರಿರೀ ಅಕ್ಕಾರ, ಇದನ್ನ ತಗದು ನೇರ ಕೊಟ್ಟುಬಿಡ್ತೀನಿ’ ಅನ್ನುತ್ತಾನೆ. ಟ್ಯಾಂಕಿಯಲ್ಲಿ ನೀರಿಲ್ಲ, ಮಕ್ಕಳ ಶಾಲೆಗೆ ಹೊತ್ತಾಯಿತು. ‘ಹೂಂ, ಏನರ ಮಾಡಪಾ’ ಎಂದುಬಿಡುತ್ತೇವೆ. ಗೆಳತಿಯರೇ, ಹಾಗೆ ಹೂಂ ಅನ್ನಬೇಡಿ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಶುರುವಾಯಿತು. 3 ಕಿಲೋವಾಟ್ ಹಾಕಿಸಿದರೆ ಕೇಂದ್ರದಿಂದ 78,000 ರೂಪಾಯಿ ಸಬ್ಸಿಡಿ. ಹೆಸ್ಕಾಂಗೆ ಯುನಿಟ್ ಎಷ್ಟು ಹೋಗುತ್ತದೆ, ಬಿಲ್ ಎಷ್ಟು ಉಳಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕರೆಂಟ್ ಸೋರಿದರೆ ತಡೆಯುವುದು ಯಾವುದು ಎಂದು ಕೇಳುವವರು ಕಡಿಮೆ. ಒದ್ದೆ ಕೈಯಲ್ಲಿ ಗೀಸರ್, ಮಿಕ್ಸರ್, ವಾಷಿಂಗ್ ಮಷಿನ್ ಮುಟ್ಟುವವರು ನಾವು, ಆದ್ದರಿಂದ ನಾವೇ ಕೇಳಬೇಕು.

ಆ ಅಗಲ ಸ್ವಿಚ್ಚಿನ ಹೆಸರು ಆರ್‌ಸಿಸಿಬಿ. ಇಎಲ್‌ಸಿಬಿ ಎಂದರೂ ಅಂಗಡಿಯವರಿಗೆ ತಿಳಿಯುತ್ತದೆ. ಒಂದು ತಂತಿಯಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ಅಷ್ಟೇ ವಾಪಸು ಬಂತೇ ಎಂದು ಅದು ಸದಾ ತೂಗಿ ನೋಡುತ್ತಿರುತ್ತದೆ. ನಡುವೆ 30 ಮಿಲಿ ಆಂಪಿಯರ್ ಕಡಿಮೆಯಾದರೆ, ಅಂದರೆ ಯಾರದೋ ಮೈಯಿಂದಲೋ ಹಸಿ ಗೋಡೆಯಿಂದಲೋ ನೆಲಕ್ಕೆ ಇಳಿದರೆ, ಅರೆ ಸೆಕೆಂಡಿಗೂ ಮೊದಲೇ ಬೀಳುತ್ತದೆ. ‘ಎಂಸಿಬಿ ಐತಲ್ರೀ’ ಅನ್ನುವವರಿದ್ದಾರೆ. ಎಂಸಿಬಿ ಇರುವುದು ವೈರು ಸುಡದಿರಲಿ ಎಂದು, ನಮ್ಮನ್ನು ಉಳಿಸಲು ಅಲ್ಲ.

ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿಯಲ್ಲಿ ಇದಕ್ಕೆ ಇನ್ನೂ ಮಹತ್ವ. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಬಿರಿಯುತ್ತದೆ, ಅರ್ತಿಂಗ್ ರಾಡು ಮಣ್ಣಿನ ಹಿಡಿತ ಬಿಡುತ್ತದೆ. ಅರ್ತಿಂಗಿನ ತಡೆ 20 ಓಮ್‌ಗೆ ಏರಿತೆನ್ನಿ. ಆಗ ಗೀಸರಿನ ಮೈಗೆ ಕರೆಂಟ್ ತಗುಲಿದರೂ ನೆಲಕ್ಕೆ ಇಳಿಯುವುದು ಸುಮಾರು 11 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದೇ ಇಲ್ಲ! ಗೀಸರ್ ಹಾಗೇ ಕಾದು ಕೂತಿರುತ್ತದೆ. ಕಲಘಟಗಿ ಕಡೆ ಮಳೆ ಜಾಸ್ತಿ, ಅಲ್ಲಿ ಗೋಡೆಗಳ ಥಂಡಿಯೇ ಸಮಸ್ಯೆ.

ಸೋಲಾರ್ ಬಂದ ಮೇಲೆ ಇನ್ನೊಂದು ತೊಡಕಿದೆ. ಪ್ಯಾನಲ್ಲಿನಿಂದ ಬರುವುದು ಡಿಸಿ. ಈಗಿನ ಹೆಚ್ಚಿನ ಇನ್ವರ್ಟರ್‌ಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಹಾಗಾಗಿ ದೋಷವಾದಾಗ ಡಿಸಿಯೂ ಮನೆ ಲೈನಿಗೆ ನುಸುಳಬಹುದು. ಅಗ್ಗದ ‘ಟೈಪ್ ಎಸಿ’ ಆರ್‌ಸಿಸಿಬಿ ಇಂಥ ಸೋರಿಕೆಯ ಮುಂದೆ ಮಂಕಾಗಿಬಿಡುತ್ತದೆ, ಬೀಳಬೇಕಾದಾಗ ಬೀಳುವುದಿಲ್ಲ. ಸ್ವಿಚ್ಚಿನ ಮುಖದ ಮೇಲಿನ ಗುರುತು ನೋಡಿ. ಬರೀ ಒಂದು ಅಲೆ ಇದ್ದರೆ ಟೈಪ್ ಎಸಿ. ಅಲೆಯ ಜೊತೆ ಅರ್ಧ ಉಬ್ಬುಗಳಿದ್ದರೆ ಟೈಪ್ ಎ. ಅವುಗಳ ಜೊತೆ ನೇರ ಗೆರೆಯೂ ಇದ್ದರೆ ಟೈಪ್ ಬಿ. ಇನ್ವರ್ಟರಿನ ಪುಸ್ತಕದಲ್ಲಿ ಯಾವುದು ಬೇಕೆಂದು ಬರೆದಿರುತ್ತದೆ, ಅದನ್ನೇ ಹಾಕಿಸಿ. ಬಿ ಹಲವು ಪಟ್ಟು ತುಟ್ಟಿ. ಪುಸ್ತಕ ಕೇಳದಿದ್ದರೆ ಸುಮ್ಮನೆ ಕೊಳ್ಳಬೇಕಿಲ್ಲ.

ಸೋಲಾರ್ ಲೈನನ್ನು ಮನೆಯ 30 ಮಿಲಿ ಆಂಪಿಯರ್ ಸ್ವಿಚ್ಚಿನ ಮೂಲಕ ತರದೆ ಬೇರೆಯಾಗಿ ಸೇರಿಸಲು ಹೇಳಿ. ಪ್ಯಾನಲ್ ಒದ್ದೆಯಾದಾಗ ಚೂರುಪಾರು ಕರೆಂಟು ನೆಲಕ್ಕೆ ಇಳಿಯುವುದು ಸಹಜ. ಮಳೆಗಾಲದ ಮುಂಜಾನೆ ಸ್ವಿಚ್ ಬೀಳುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಬ್ಯಾಟರಿ ಇದ್ದರೆ, ಕರೆಂಟ್ ಹೋದಾಗ ಅದರಿಂದ ನಡೆಯುವ ಲೈನಿಗೂ ಪ್ರತ್ಯೇಕ ಆರ್‌ಸಿಸಿಬಿ ಬೇಕು. ಆಗ ನ್ಯೂಟ್ರಲ್‌ಗೆ ಅರ್ತಿಂಗ್ ಸಿಗುತ್ತದೆಯೇ ಎಂದೂ ಕೇಳಿ. ಇಲ್ಲದಿದ್ದರೆ ಆ ಸ್ವಿಚ್ ಇದ್ದೂ ಇಲ್ಲದಂತೆ.

ಸ್ವಿಚ್ ಬಿದ್ದರೆ ಎಲ್ಲ ಪ್ಲಗ್ ಕಿತ್ತು, ಎಂಸಿಬಿಗಳನ್ನು ಇಳಿಸಿ, ಮೊದಲು ಅದನ್ನು ಎತ್ತಿ. ಆಮೇಲೆ ಒಂದೊಂದಾಗಿ ಏರಿಸಿ. ಯಾವುದಕ್ಕೆ ಬೀಳುತ್ತದೋ ಅಲ್ಲೇ ಸೋರಿಕೆ, ಬಹಳ ಸಲ ಹಳೇ ಗೀಸರೋ ಮೋಟರೋ ಆಗಿರುತ್ತದೆ. ಸೋಲಾರಿನದು ಏರಿಸಿದಾಗ ಬಿದ್ದರೆ ಹಾಕಿದವರನ್ನೇ ಕರೆಸಿ. ಇನ್ವರ್ಟರ್ ಮೇಲೆ ಎರರ್ ನಂಬರ್ ಕಂಡರೆ ಬರೆದಿಟ್ಟುಕೊಳ್ಳಿ.

ಮಾಳಿಗೆ ಮೇಲಿನ ಡಿಸಿ ತಂತಿಗಳಿಗೆ ಮಾತ್ರ ಈ ಸ್ವಿಚ್ಚಿನ ಕಾವಲಿಲ್ಲ. ಕೆಳಗೆ ಮೇನ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಸಾಲು ಪ್ಯಾನಲ್ಲಿನಲ್ಲಿ ನೂರಾರು ವೋಲ್ಟ್ ಇರುತ್ತದೆ. ಮೆಣಸಿನಕಾಯಿ, ಸಂಡಿಗೆ ಒಣಹಾಕಲು ಮೇಲೆ ಹೋಗುವವರೂ ನಾವೇ ತಾನೇ? ಪ್ಯಾನಲ್ ಚೌಕಟ್ಟಿಗೆ ಬಟ್ಟೆ ತಂತಿ ಕಟ್ಟಬೇಡಿ. ಮಂಗ ಕಚ್ಚಿದ, ಹರಿದ ವೈರು ಕಂಡರೆ ಮುಟ್ಟಬೇಡಿ. ತೊಳೆಯುವುದಿದ್ದರೆ ಬಿಸಿಲೇರುವ ಮೊದಲು ತೊಳೆಯಿರಿ.

ಇನ್ನು ಆರ್‌ಸಿಸಿಬಿ ಮೇಲೆ ‘ಟಿ’ ಎಂಬ ಪುಟ್ಟ ಗುಂಡಿ ಇರುತ್ತದೆ. ಅಮಾಸಿಗೊಮ್ಮೆ ಒತ್ತಿರಿ, ದಿನ ನೆನಪಿಡಲು ಸುಲಭ. ತಕ್ಷಣ ಬೀಳಬೇಕು, ಬೀಳದಿದ್ದರೆ ಬದಲಿಸಿ. ಆದರೆ ಆ ಗುಂಡಿ ಹೇಳುವುದು ಸ್ವಿಚ್ಚಿನ ಆರೋಗ್ಯವನ್ನಷ್ಟೇ, ಅರ್ತಿಂಗಿನದಲ್ಲ. ಅರ್ತಿಂಗನ್ನು ಮೀಟರ್ ಇಟ್ಟು ಅಳೆಸಬೇಕು, ಅದೂ ಮಳೆಗಾಲದಲ್ಲಲ್ಲ, ಏಪ್ರಿಲ್-ಮೇನಲ್ಲಿ, ಎರೆ ಬಿರಿದು ನಿಂತಾಗ.