ಎಲ್‌ಎಕ್ಸ್3 ಮತ್ತು ಎಸ್90: ಎರಡು ಹಳೆಯ ಪುಟ್ಟ ಕ್ಯಾಮೆರಾಗಳ ಹೋಲಿಕೆ

ಈಚಿನ ವರ್ಷಗಳಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿಯೂ ಟೆಲಿಗ್ರಾಫ್ ಅವೆನ್ಯೂವಿನಲ್ಲಿಯೂ ಒಂದು ಕುತೂಹಲಕರ ದೃಶ್ಯ ಕಾಣಸಿಗುತ್ತದೆ. ಜೇಬಿನಲ್ಲಿ ಹೊಸ ಫೋನ್ ಇದ್ದರೂ ಕೈಯಲ್ಲಿ ಹದಿನೈದು ವರ್ಷ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದ ವಿದ್ಯಾರ್ಥಿಗಳು ಎದುರಾಗುತ್ತಾರೆ. ಕನ್ನಡ ಮನೆಗಳ ಮಕ್ಕಳೂ ಇದಕ್ಕೆ ಹೊರತಲ್ಲ. ತಂದೆತಾಯಿಯರ ಮೇಜಿನ ಡ್ರಾಯರುಗಳನ್ನು ಅವರು ತಡಕುತ್ತಿದ್ದಾರೆ. 2010ರಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದವು. ಅನಂತರ ಫೋನು ಆ ಮಾರುಕಟ್ಟೆಯನ್ನು ನುಂಗಿತು. ಹೊರಬಿದ್ದ ಕ್ಯಾಮೆರಾಗಳು ಮಾತ್ರ ಎಲ್ಲಿಯೂ ಹೋಗಲಿಲ್ಲ. ಅವು ಡ್ರಾಯರುಗಳಲ್ಲಿಯೇ ಉಳಿದವು.

ಅಂಥವುಗಳಲ್ಲಿ ಇಂದಿಗೂ ಬಳಸಲು ಯೋಗ್ಯವಾದ ಎರಡನ್ನು ಇಲ್ಲಿ ಹೋಲಿಸುತ್ತಿದ್ದೇನೆ: 2008ರಲ್ಲಿ ಬಂದ ಪ್ಯಾನಸೋನಿಕ್ ಲ್ಯೂಮಿಕ್ಸ್ ಎಲ್‌ಎಕ್ಸ್3 ಮತ್ತು 2009ರಲ್ಲಿ ಬಂದ ಕ್ಯಾನನ್ ಪವರ್‌ಶಾಟ್ ಎಸ್90. ಎರಡನ್ನೂ ನಾನು ಬಹುಕಾಲ ಬಳಸಿದ್ದೇನೆ. ಹೊಸದಾಗಿದ್ದಾಗ ಎರಡರ ಬೆಲೆಯೂ 400ರಿಂದ 500 ಡಾಲರುಗಳ ನಡುವೆ ಇತ್ತು. ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಆದರೆ ಯಾವುದು ಯಾರಿಗೆ ಹೊಂದುತ್ತದೆ ಎಂಬುದನ್ನು ಸಾಕಷ್ಟು ಖಚಿತವಾಗಿ ಹೇಳಬಹುದು.

ಎರಡಕ್ಕೂ ಸಮಾನವಾದದ್ದು

ಎರಡೂ ಸುಮಾರು 10 ಮೆಗಾಪಿಕ್ಸೆಲ್ ಕ್ಯಾಮೆರಾಗಳು. ಇವುಗಳ ಅತಿ ದೊಡ್ಡ ಚಿತ್ರದ ಅಳತೆ 3648 × 2736 ಬಿಂದುಗಳು. ಬೆಳಕನ್ನು ಗ್ರಹಿಸುವ ಸೆನ್ಸರಿನ ವಿಸ್ತೀರ್ಣವೂ ಹೆಚ್ಚು ಕಡಿಮೆ ಒಂದೇ: ಅಗಲ ಸುಮಾರು 7.5 ಮಿ.ಮೀ., ಎತ್ತರ ಸುಮಾರು 5.6 ಮಿ.ಮೀ. ಹಳೆಯ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗ ಇದು. ಅದೇ ಕಾಲದ ಸಾಮಾನ್ಯ ಪುಟ್ಟ ಕ್ಯಾಮೆರಾಗಳ ಸೆನ್ಸರುಗಳು ಇನ್ನೂ ಚಿಕ್ಕವಾಗಿದ್ದುದರಿಂದ ಇವೆರಡೂ ಆಗ ಮೇಲ್ದರ್ಜೆಯವೆನಿಸಿದ್ದವು. ಎರಡರಲ್ಲಿಯೂ ಸಂಸ್ಕರಿಸದ ಮೂಲ ದತ್ತಾಂಶವನ್ನು, ಎಂದರೆ ರಾ ಕಡತವನ್ನು, ಉಳಿಸಿಕೊಳ್ಳಬಹುದು. ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಲೆನ್ಸಿನಲ್ಲಿಯೇ ಇದೆ. ಹಿಂಬದಿಯ ಪರದೆ 3 ಅಂಗುಲದ್ದು.

ಎರಡರ ಸೆನ್ಸರೂ ಸಿಸಿಡಿ ಜಾತಿಯದು. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಇದನ್ನು ರೂಪಿಸಿದರು. ಎಸ್90 ಮಾರುಕಟ್ಟೆಗೆ ಬಂದ 2009ರಲ್ಲಿಯೇ ಅವರಿಗೆ ಭೌತಶಾಸ್ತ್ರದ ನೊಬೆಲ್ ಸಂದಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸಿಮಾಸ್ ಎಂಬ ಇನ್ನೊಂದು ಜಾತಿಯ ಸೆನ್ಸರು ಅದರ ಸ್ಥಾನವನ್ನು ಆಕ್ರಮಿಸಿತು. ಸಿಸಿಡಿಯ ಬಣ್ಣಕ್ಕೆ ಏನೋ ಮಾಯೆಯಿದೆ ಎಂದು ಇಂದಿನ ತರುಣರು ನಂಬುತ್ತಾರೆ. ವಾಸ್ತವದಲ್ಲಿ ಸೆನ್ಸರಿಗೆ ಬಣ್ಣವೇ ತಿಳಿಯದು. ಅದು ಎಣಿಸುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಅದರ ಮೇಲೆ ಹೊದಿಸಿದ ಕೆಂಪು, ಹಸಿರು, ನೀಲಿ ಸೋಸುಕಗಳೂ ಕ್ಯಾಮೆರಾದೊಳಗಿನ ಸಂಸ್ಕರಣೆಯೂ ಸೇರಿ ಬಣ್ಣವನ್ನು ನಿರ್ಧರಿಸುತ್ತವೆ. ಹಳೆಯ ಚಿತ್ರಗಳು ಬೇರೆಯಾಗಿ ಕಾಣುವುದು ನಿಜ. ಅದಕ್ಕೆ ಕಾರಣ ಸಿಸಿಡಿಯಲ್ಲ, ಆ ಕಾಲದ ಸಂಸ್ಕರಣೆಯ ರುಚಿ.

ಲೆನ್ಸು: ವ್ಯತ್ಯಾಸದ ಮೂಲ

ಇಷ್ಟೆಲ್ಲ ಸಾಮ್ಯವಿರುವುದರಿಂದ ಮುಖ್ಯ ವ್ಯತ್ಯಾಸ ಲೆನ್ಸಿಗೆ ಸೇರಿದ್ದು. 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ ಹೇಳುವುದಾದರೆ ಎಲ್‌ಎಕ್ಸ್3 ಲೆನ್ಸಿನ ವ್ಯಾಪ್ತಿ 24ರಿಂದ 60 ಮಿ.ಮೀ.; ಎಸ್90 ಲೆನ್ಸಿನದು 28ರಿಂದ 105 ಮಿ.ಮೀ. ಮೊದಲನೆಯದು ಹೆಚ್ಚು ಅಗಲವಾದ ನೋಟವನ್ನು ಒಳಗೊಳ್ಳುತ್ತದೆ, ಎರಡನೆಯದು ಹೆಚ್ಚು ದೂರದ್ದನ್ನು ಹತ್ತಿರಕ್ಕೆ ಎಳೆಯುತ್ತದೆ. 24ಕ್ಕೂ 28ಕ್ಕೂ ಅಂತರ ಅಲ್ಪವೆಂದು ತೋರಬಹುದು. ಆದರೆ ನಿಂತಲ್ಲಿಂದಲೇ ಚೌಕಟ್ಟಿನೊಳಗೆ ಬರುವ ದೃಶ್ಯದ ವಿಸ್ತೀರ್ಣವನ್ನು ಲೆಕ್ಕ ಹಾಕಿದರೆ ಎಲ್‌ಎಕ್ಸ್3 ಶೇಕಡಾ 36ರಷ್ಟು ಹೆಚ್ಚು ಹಿಡಿಯುತ್ತದೆ. ಗೋಡೆಗೆ ಬೆನ್ನು ಹಚ್ಚಿ ನಿಂತು, ಊಟದ ಪಂಕ್ತಿಯನ್ನೋ ಮದುವೆಮನೆಯ ಕೋಣೆಯನ್ನೋ ಚಿತ್ರಿಸಬೇಕಾದವರಿಗೆ ಇದರ ಬೆಲೆ ಗೊತ್ತು.

ಬೆಳಕಿನ ವಿಚಾರದಲ್ಲಿ ಜಾಹೀರಾತುಗಳು ಎಫ್ ಸಂಖ್ಯೆಯನ್ನು ಮುಂದಿಡುತ್ತವೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಅಗಲ ನೋಟದಲ್ಲಿ ಎರಡೂ ಎಫ್/2.0. ದೂರದ ತುದಿಯಲ್ಲಿ ಎಲ್‌ಎಕ್ಸ್3 ಎಫ್/2.8ಕ್ಕೆ ಇಳಿದರೆ ಎಸ್90 ಎಫ್/4.9ರವರೆಗೆ ಇಳಿಯುತ್ತದೆ, ಅಂದರೆ ಸೆನ್ಸರಿನ ಮೇಲೆ ಬೀಳುವ ಬೆಳಕು ಮೂರರಲ್ಲಿ ಒಂದು ಪಾಲಾಗುತ್ತದೆ. ಇಷ್ಟನ್ನೇ ಓದಿದವರು ಎಸ್90 ಕತ್ತಲಲ್ಲಿ ಕುರುಡು ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ.

ವೈದ್ಯಳಾದ ನನಗೆ ಕ್ಯಾಮೆರಾದ ರಂಧ್ರವೆಂದರೆ ಕಣ್ಣಿನ ಪಾಪೆಯೇ. ಪ್ರಖರ ಬೆಳಕಿನಲ್ಲಿ ನಮ್ಮ ಪಾಪೆ ಸುಮಾರು 2 ಮಿ.ಮೀ.ಗೆ ಕುಗ್ಗುತ್ತದೆ, ಯೌವನದಲ್ಲಿ ಕತ್ತಲೆಗೆ 7-8 ಮಿ.ಮೀ. ತನಕ ಹಿಗ್ಗುತ್ತದೆ, ವಯಸ್ಸಾದಂತೆ ಅಷ್ಟು ಹಿಗ್ಗದು. ಒಂದು ದೂರದ ವಸ್ತುವಿನಿಂದ ಎಷ್ಟು ಬೆಳಕು ಒಳಕ್ಕೆ ಬಂತು ಎಂಬುದನ್ನು ನಿರ್ಧರಿಸುವುದು ಈ ಪಾಪೆಯ ವ್ಯಾಸ. ಲೆನ್ಸಿನ ನಿಜವಾದ ಸಂಗಮದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಆ ವ್ಯಾಸ ಸಿಗುತ್ತದೆ. ದೂರದ ತುದಿಯಲ್ಲಿ ಎಲ್‌ಎಕ್ಸ್3 ಲೆನ್ಸಿನ ಸಂಗಮದೂರ 12.8 ಮಿ.ಮೀ.; 2.8ರಿಂದ ಭಾಗಿಸಿದರೆ 4.6 ಮಿ.ಮೀ. ಎಸ್90 ಲೆನ್ಸಿನದು 22.5 ಮಿ.ಮೀ.; 4.9ರಿಂದ ಭಾಗಿಸಿದರೆ ಮತ್ತೆ 4.6 ಮಿ.ಮೀ.! ಎರಡರ ಪಾಪೆಯೂ ಒಂದೇ ಗಾತ್ರದ್ದು. ದೂರದ ಶಿಲ್ಪವೊಂದರಿಂದ ಎರಡೂ ಒಂದೇ ಪ್ರಮಾಣದ ಬೆಳಕನ್ನು ಸಂಗ್ರಹಿಸುತ್ತವೆ. ಎಲ್‌ಎಕ್ಸ್3 ಅದನ್ನು ಸೆನ್ಸರಿನ ಮೂರರಲ್ಲಿ ಒಂದು ಭಾಗದ ಮೇಲೆ ಒತ್ತಾಗಿ ಸುರಿಯುತ್ತದೆ, ಎಸ್90 ಪೂರ್ಣ ಸೆನ್ಸರಿನ ಮೇಲೆ ಹರಡುತ್ತದೆ.

ಇದರ ಫಲಿತಾಂಶ ಸ್ಪಷ್ಟ. ದೂರದ ವಸ್ತುವಿಗಾಗಿ ಎಲ್‌ಎಕ್ಸ್3 ತೆಗೆದ ಚಿತ್ರವನ್ನು ಕತ್ತರಿಸಿ 105 ಮಿ.ಮೀ. ನೋಟಕ್ಕೆ ಸರಿಹೊಂದಿಸಿದರೆ ಉಳಿಯುವುದು ಸುಮಾರು 3.3 ಮೆಗಾಪಿಕ್ಸೆಲ್. ಅಷ್ಟೇ ಬೆಳಕಿನಲ್ಲಿ ಎಸ್90 ಪೂರ್ತಿ 10 ಮೆಗಾಪಿಕ್ಸೆಲ್‌ಗಳಲ್ಲಿ ವಿವರಗಳನ್ನು ಬಿಡಿಸುತ್ತದೆ. ಆದರೆ ವಸ್ತುವಿನ ಬಳಿಗೆ ನಡೆದು ಹೋಗಿ, ಎಲ್‌ಎಕ್ಸ್3 ಚೌಕಟ್ಟನ್ನು ಅದರಿಂದಲೇ ತುಂಬಲು ಸಾಧ್ಯವಿದ್ದರೆ ಆ ಎಫ್/2.8 ತನ್ನ ಪೂರ್ಣ ಲಾಭವನ್ನು ಕೊಡುತ್ತದೆ. ಹೀಗಾಗಿ ಈ ಎರಡರ ನಡುವೆ ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಚಿತ್ರಿಸುವ ವಸ್ತುವಿನ ಹತ್ತಿರಕ್ಕೆ ಹೋಗಬಲ್ಲೆನೆ?

ಎರಡು ಸ್ಥಳಗಳ ಉದಾಹರಣೆ

ಬರ್ಕ್ಲಿಯ ಸೇದರ್ ಗೋಪುರವನ್ನು ತೆಗೆದುಕೊಳ್ಳೋಣ. 94 ಮೀಟರ್ ಎತ್ತರದ ಈ ಗಡಿಯಾರ ಗೋಪುರದ ಬುಡದಲ್ಲಿ ನಿಂತು ಅದನ್ನು ಹಿಡಿಯಲು ಎಲ್‌ಎಕ್ಸ್3 ಅಗಲ ನೋಟ ಬೇಕು. ಗೋಪುರವನ್ನೇರಿ ಪಶ್ಚಿಮಕ್ಕೆ ತಿರುಗಿ, ಕೊಲ್ಲಿಯ ಆಚೆಯ ಗೋಲ್ಡನ್ ಗೇಟ್ ಸೇತುವೆಯನ್ನು ಹಿಡಿಯಲು ಎಸ್90 ಬೇಕು.

ಊರಿಗೆ ಹೋದಾಗ ಈ ಭೇದ ಇನ್ನೂ ಸ್ಪಷ್ಟವಾಗುತ್ತದೆ. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ ಬೆಳಕು ಕಡಿಮೆ, ಜಾಗವೂ ಕಡಿಮೆ. ಕಂಬಗಳ ಸಾಲನ್ನೂ ಮೇಲಿನ ಭುವನೇಶ್ವರಿಯನ್ನೂ ಹಿಡಿಯಲು ಎಲ್‌ಎಕ್ಸ್3 ಹೇಳಿಮಾಡಿಸಿದಂತಿದೆ. ಹೊರಬಂದು ಜಗತಿಯ ಮೇಲೆ ನಿಂತು ಕತ್ತೆತ್ತಿದರೆ ಸೂರಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು. ಅವರ ಬಳಿಗೆ ಏರುವಂತಿಲ್ಲ. ಆಭರಣದ ಮಣಿಮಣಿಯೂ ಚಿತ್ರದಲ್ಲಿ ಕಾಣಬೇಕೆಂದರೆ ಎಸ್90 ಬೇಕು.

ಮನೆಯವರ ಮುಖಗಳು

ದೂರದೇಶದಲ್ಲಿರುವವರಿಗೆ ಶಿಲ್ಪಕ್ಕಿಂತ ಮುಖ್ಯವಾದದ್ದು ಮನೆಯ ಹಿರಿಯರ ಮುಖ. ಇಲ್ಲಿ ದೂರದ ಮಹತ್ವವನ್ನು ಅರಿಯಬೇಕು. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂ.ಮೀ. ಅಂತರವಿದೆಯೆನ್ನೋಣ. ಮೂಗಿನಿಂದ 30 ಸೆಂ.ಮೀ. ದೂರದಲ್ಲಿ ಕ್ಯಾಮೆರಾ ಹಿಡಿದರೆ ಕಿವಿಗಿಂತ ಮೂಗು ಶೇಕಡಾ 40ರಷ್ಟು ಹಿರಿದಾಗಿ ಮೂಡುತ್ತದೆ. ಒಂದೂವರೆ ಮೀಟರ್ ಹಿಂದೆ ಸರಿದರೆ ಆ ವ್ಯತ್ಯಾಸ ಶೇಕಡಾ 8ಕ್ಕೆ ಇಳಿಯುತ್ತದೆ. ವಿಕೃತಿ ಹುಟ್ಟುವುದು ಲೆನ್ಸಿನಿಂದಲ್ಲ, ಸಾಮೀಪ್ಯದಿಂದ. ಒಂದೂವರೆ ಮೀಟರ್ ದೂರದಲ್ಲಿ ನಿಂತಾಗ ಎಸ್90 ತನ್ನ 105 ಮಿ.ಮೀ. ನೋಟದಲ್ಲಿ ಮುಖವೊಂದನ್ನೇ ಚೌಕಟ್ಟಿನ ತುಂಬ ಹಿಡಿಯುತ್ತದೆ. ಎಲ್‌ಎಕ್ಸ್3 ಅದೇ ದೂರದಿಂದ ಎದೆಯವರೆಗಿನ ಚಿತ್ರವನ್ನು ಕೊಡುತ್ತದೆ. ಅಜ್ಜಿ ಕುಳಿತ ಪಡಸಾಲೆ, ಪಕ್ಕದ ದೀಪ, ಹಿಂದಿನ ಗೋಡೆ ಬೇಕಾದವರಿಗೆ ಅದೇ ಒಳ್ಳೆಯದು. ಫ್ಲಾಶ್ ಬೇಡ, ಕಿಟಕಿಯ ಬಳಿ ಕೂರಿಸಿದರೆ ಸಾಕು. ಐಎಸ್‌ಒ 400ರವರೆಗೆ ಎರಡೂ ಸೊಗಸಾದ ಚಿತ್ರ ಕೊಡುತ್ತವೆ. 800ರ ಆಚೆಗೆ ಕಾಳುಕಾಳಾಗುತ್ತದೆ.

ಹಿರಿಯರ ಮಾತನ್ನೂ ದಾಖಲಿಸಬೇಕೆಂಬವರಿಗೆ ಎಲ್‌ಎಕ್ಸ್3 ಒಳ್ಳೆಯದು. ಅದರ ವಿಡಿಯೊ 1280 × 720 ಬಿಂದುಗಳದ್ದು; ಎಸ್90 ವಿಡಿಯೊ 640 × 480ಕ್ಕೆ ನಿಂತುಬಿಡುತ್ತದೆ.

ಹಳೆಯ ಕಾಗದಪತ್ರಗಳ ನಕಲಿಗೆ ಎರಡೂ ಸಮರ್ಥವಾಗಿವೆ. ಎ4 ಗಾತ್ರದ ಒಂದು ಹಾಳೆಯಿಂದ ಚೌಕಟ್ಟನ್ನು ತುಂಬಿದರೆ ಅಂಗುಲವೊಂದಕ್ಕೆ 300ಕ್ಕೂ ಹೆಚ್ಚು ಬಿಂದುಗಳು ಸಿಗುತ್ತವೆ. ಶಾಯಿಯ ಕೈಬರಹದ ಒತ್ತಕ್ಷರಗಳನ್ನು ಓದಲು ಅಷ್ಟು ಸಾಕು. ಅಗಲ ನೋಟದಲ್ಲಿ ಅಂಚುಗಳು ಬಾಗುವುದರಿಂದ ಲೆನ್ಸನ್ನು ಮಧ್ಯದ ವ್ಯಾಪ್ತಿಗೆ ತಂದು, ಕ್ಯಾಮೆರಾವನ್ನು ಹಾಳೆಗೆ ಸಮಾನಾಂತರವಾಗಿ ಹಿಡಿಯಬೇಕು.

ಬಣ್ಣದ ಹಿಡಿತ

2020ರ ಸೆಪ್ಟೆಂಬರ್ 9ರಂದು ಕಾಡ್ಗಿಚ್ಚಿನ ಹೊಗೆ ಕವಿದು ಇಡೀ ಕೊಲ್ಲಿ ಪ್ರದೇಶದ ಆಕಾಶ ಹಗಲಿನಲ್ಲಿಯೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಂದು ಅನೇಕರು ಫೋನೆತ್ತಿ ಚಿತ್ರ ತೆಗೆದರೆ ಅದರಲ್ಲಿ ಮೂಡಿದ್ದು ಬೂದುಬಣ್ಣದ ಮಾಮೂಲಿ ಆಕಾಶ. ಫೋನಿನ ತಂತ್ರಾಂಶ ಅಷ್ಟು ಕಿತ್ತಳೆಯನ್ನು ದೋಷವೆಂದು ಎಣಿಸಿ ತಿದ್ದಿಬಿಟ್ಟಿತ್ತು. ಹಳೆಯ ಕ್ಯಾಮೆರಾಗಳಲ್ಲಿಯೂ ಇಂಥ ಸ್ವಯಂಚಾಲಿತ ತಿದ್ದುಪಡಿ ಇದೆ. ಆದರೆ ಗುಂಡಿಯೊತ್ತಿ ಅದನ್ನು ‘ಹಗಲು ಬೆಳಕು’ ಎಂದು ಸ್ಥಿರಗೊಳಿಸಿದರೆ ಬಂದ ಬಣ್ಣ ಬಂದಂತೆಯೇ ದಾಖಲಾಗುತ್ತದೆ.

ಇದು ಆಕಾಶಕ್ಕೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಮನೆಯಲ್ಲೊಬ್ಬರು ವೈದ್ಯರಿದ್ದರೆ ಊರಿನಿಂದ ಚಿತ್ರಗಳು ಬರುತ್ತಲೇ ಇರುತ್ತವೆ: ತಾಯಿಯ ಕಾಲಿನ ಹುಣ್ಣು, ಚಿಕ್ಕಪ್ಪನ ಕಣ್ಣಿನ ಹಳದಿ, ಮಗುವಿನ ಮೈಮೇಲಿನ ಗಂಧೆ. ಹಳದಿ ಬಲ್ಬಿನ ಕೆಳಗೆ ತೆಗೆದ ಚಿತ್ರದಲ್ಲಿ ಇಲ್ಲದ ಕಾಮಾಲೆ ಕಾಣಬಹುದು. ತಂತ್ರಾಂಶ ತಿದ್ದಿದ ಚಿತ್ರದಲ್ಲಿ ಇರುವ ಕಾಮಾಲೆ ಮರೆಯಾಗಬಹುದು. ಚರ್ಮವನ್ನು ನಯಗೊಳಿಸುವ ಸೌಲಭ್ಯ ಗಂಧೆಯ ಅಂಚನ್ನೇ ಅಳಿಸಬಲ್ಲುದು. ಕ್ಯಾಮೆರಾ ಯಾವುದೇ ಇರಲಿ, ಹಗಲಿನಲ್ಲಿ, ಕಿಟಕಿಯ ಪಕ್ಕದಲ್ಲಿ, ಒಂದು ಬಿಳಿಯ ಕಾಗದವನ್ನು ಚೌಕಟ್ಟಿನೊಳಗಿಟ್ಟು ತೆಗೆದ ಚಿತ್ರ ಹೆಚ್ಚು ನಂಬಲರ್ಹ. ಆ ಕಾಗದ ಬಿಳಿಯಾಗಿ ಕಾಣದಿದ್ದರೆ ಚರ್ಮದ ಬಣ್ಣವನ್ನೂ ನಂಬುವಂತಿಲ್ಲ. ಎಷ್ಟೇ ಒಳ್ಳೆಯ ಚಿತ್ರವಾದರೂ ಅದು ರೋಗಿಯನ್ನು ಕಣ್ಣಾರೆ ಪರೀಕ್ಷಿಸುವುದಕ್ಕೆ ಸಮನಲ್ಲ ಎಂಬುದನ್ನೂ ಹೇಳಲೇಬೇಕು.

ಕೈಯಲ್ಲಿ ಹಿಡಿದಾಗ

ಎಸ್90 ನಿಜಕ್ಕೂ ಜೇಬಿನ ಕ್ಯಾಮೆರಾ. ತೂಕ 200 ಗ್ರಾಮಿನೊಳಗೆ. ಆರಿಸಿದಾಗ ಲೆನ್ಸು ಒಳಸರಿದು ತಾನೇ ಮುಚ್ಚಿಕೊಳ್ಳುತ್ತದೆ. ಲೆನ್ಸಿನ ಸುತ್ತಲಿನ ಉಂಗುರವನ್ನು ತಿರುಗಿಸಿ ಬೇಕಾದ ಹೊಂದಾಣಿಕೆಯನ್ನು ಮಾಡಬಹುದು. ಆದರೆ ಹಿಂಬದಿಯ ಚಕ್ರ ತೀರ ಸಡಿಲ. ಹೆಬ್ಬೆರಳು ಸೋಕಿದರೂ ಹೊಂದಾಣಿಕೆ ಬದಲಾಗುತ್ತದೆ. 2010ರ ಎಸ್95ರಲ್ಲಿ ಈ ಕೊರತೆಯನ್ನು ನೀಗಿಸಿ, 720 ಸಾಲುಗಳ ವಿಡಿಯೊವನ್ನೂ ಸೇರಿಸಿದರು.

ಎಲ್‌ಎಕ್ಸ್3 ತುಸು ದಪ್ಪ. ಲೆನ್ಸಿನ ಮುಚ್ಚಳವನ್ನು ಕೈಯಿಂದಲೇ ತೆಗೆದು ಹಾಕಬೇಕು. ಲೆನ್ಸಿನ ಮೇಲಿನ ಪುಟ್ಟ ಕೀಲಿಯನ್ನು ಸರಿಸಿ ಚೌಕಟ್ಟಿನ ಆಕಾರವನ್ನು 4:3, 3:2, 16:9 ಎಂದು ಬದಲಿಸಬಹುದು; ಮೂರರಲ್ಲಿಯೂ 24 ಮಿ.ಮೀ. ನೋಟ ಕುಗ್ಗುವುದಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಇದರ ಬ್ಯಾಟರಿ ಸುಮಾರು 380 ಚಿತ್ರಗಳಿಗೆ ಬರುತ್ತದೆ, ಎಸ್90 ಬ್ಯಾಟರಿ ಸುಮಾರು 220 ಚಿತ್ರಗಳಿಗೆ. ಇವು ಹೊಸ ಬ್ಯಾಟರಿಯ ಅಂಕಿಗಳು.

ಕೊಳ್ಳುವ ಮುನ್ನ

ಹಳೆಯದನ್ನು ಕೊಳ್ಳುವವರು ಲೆನ್ಸು ಸದ್ದಿಲ್ಲದೆ ಹೊರಬರುತ್ತದೆಯೆ, ಎರಡು ತುದಿಗಳಲ್ಲಿಯೂ ಚಿತ್ರ ಸ್ಪಷ್ಟವಾಗಿದೆಯೆ, ಬಿಳಿಗೋಡೆಯ ಚಿತ್ರದಲ್ಲಿ ಧೂಳಿನ ಕಲೆಗಳಿವೆಯೆ ಎಂದು ನೋಡಬೇಕು. 32 ಜಿಬಿಯವರೆಗಿನ ಎಸ್‌ಡಿಎಚ್‌ಸಿ ಕಾರ್ಡನ್ನೇ ಬಳಸುವುದು ಕ್ಷೇಮ. ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಬಾರದು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮನೆಯ ಕಸಕ್ಕೆ ಹಾಕುವುದಕ್ಕೂ ಅವಕಾಶವಿಲ್ಲ. ವಿಮಾನಯಾನದಲ್ಲಿ ಹೆಚ್ಚುವರಿ ಬ್ಯಾಟರಿ ಕೈಚೀಲದಲ್ಲಿರಬೇಕು.

ಮನೆಯೊಳಗೆ, ಮಂದಬೆಳಕಿನಲ್ಲಿ, ಹತ್ತಿರದಿಂದ ಚಿತ್ರ ತೆಗೆಯುವವರಿಗೆ ಎಲ್‌ಎಕ್ಸ್3. ಪ್ರವಾಸದಲ್ಲಿ ಸದಾ ಜೇಬಿನಲ್ಲಿರಬೇಕು, ಎಟುಕದ್ದನ್ನೂ ಹಿಡಿಯಬೇಕು ಎನ್ನುವವರಿಗೆ ಎಸ್90. ಆದರೆ ಯಾವುದನ್ನೂ ಕೊಳ್ಳುವ ಮೊದಲು ನಿಮ್ಮ ಡ್ರಾಯರನ್ನು ತೆರೆದು ನೋಡಿ. ಅಲ್ಲಿ ಕ್ಯಾಮೆರಾ ಸಿಕ್ಕರೆ ಅದರ ಕಾರ್ಡಿನಲ್ಲಿರುವ ಚಿತ್ರಗಳನ್ನು ಮೊದಲು ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಪ್ರತಿ ಮಾಡಿಡಿ. ಕಾರ್ಡಿನ ನೆನಪು ಶಾಶ್ವತವಲ್ಲ. ಅದರಲ್ಲಿರುವ ಮುಖಗಳನ್ನು ಮತ್ತೆ ಚಿತ್ರಿಸುವ ಅವಕಾಶ ಎಲ್ಲರಿಗೂ ಉಳಿದಿರುವುದಿಲ್ಲ.