ತೆಪ್ಪ ಕೊಳ್ಳೋಕೆ ಯಾವ ಕಾಲ?

ಭೇರ್ಯ: ಎತ್ತು ಕೊಳ್ಳುವ ರೈತನಿಗೆ ಜನವರಿಯಲ್ಲಿ ಚುಂಚನಕಟ್ಟೆ ಜಾತ್ರೆ ಇದೆ. ಕಾವೇರಿಯಲ್ಲಿ, ಕನ್ನಂಬಾಡಿ ಹಿನ್ನೀರಿನಲ್ಲಿ ಬಲೆ ಬಿಡುವವನ ತೆಪ್ಪಕ್ಕೆ ಯಾವ ಜಾತ್ರೆ? ಆಷಾಢದ ಮಳೆ ಹಿಡಿದು ಹೊಳೆ ಕೆಂಪಾದಾಗಲೇ ಹಳೇ ತೆಪ್ಪದ ತೂತು ನೆನಪಾಗೋದು! ಆಗ ಸಾಲ ಮಾಡಿ ಓಡಿದರೆ ಹೆಣೆಯುವವನು ಹೇಳಿದ್ದೇ ರೇಟು. ಸಿಗೋದು ಟಾರು ಒಣಗದ ಅವಸರದ ಮಾಲು.

ಶಿವರಾತ್ರಿಯಿಂದ ಯುಗಾದಿಯೊಳಗೆ ಕೊಳ್ಳುವುದೇ ಲೇಸು. ಚಳಿಗಾಲದಲ್ಲಿ ಕಡಿದ ಬಿದಿರಿಗೆ ಹುಳುವಿನ ಕಾಟ ಕಡಿಮೆ, ಬಿಸಿಲಿಗೆ ಟಾರೂ ಗಟ್ಟಿ ಹಿಡಿಯುತ್ತೆ. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ. ಮಡಿಕೆ ಮಡಿಕೆಗೂ ಬೆರಳಾಡಿಸಿ ನೋಡಬೇಕು. ಕಾಲಿಗೆ ಬಲೆ ಸುತ್ತಿಕೊಂಡರೆ ಈಜು ಬಂದವನೂ ಮುಳುಗುತ್ತಾನೆ. ಅದಕ್ಕೇ ದುಡ್ಡು ಎಣಿಸುವ ಮುಂಚೆ ಮೊಣಕಾಲುದ್ದ ನೀರಿಗಿಳಿಸಿ, ಅರ್ಧ ಗಂಟೆ ಬಿಡಿ. ಒಳಗೆ ಪಸೆ ಕಂಡರೆ ವಾಪಸ್, ಮುಲಾಜು ಬೇಡ.